ಸ್ವಪ್ನನಿದ್ರೆಯೂ ನರಕೋಶಗಳ ಮೌನವೂ

ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ನಮ್ಮ ಪ್ರಾಚೀನರು ಮನುಷ್ಯನ ಅವಸ್ಥೆಗಳನ್ನು ಮೂರಾಗಿ ವಿಂಗಡಿಸಿದ್ದರು. ಅವರ ವಿಚಾರ ಆತ್ಮತತ್ತ್ವಕ್ಕೆ ಸಂಬಂಧಿಸಿದುದು, ಶರೀರಶಾಸ್ತ್ರಕ್ಕಲ್ಲ. ಶರೀರಶಾಸ್ತ್ರಜ್ಞರಾದರೋ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಎಚ್ಚರ ಮತ್ತು ನಿದ್ರೆ ಎಂಬ ಎರಡೇ ಸ್ಥಿತಿಗಳನ್ನು ಒಪ್ಪಿದ್ದರು. ನಿದ್ರೆಯೆಂದರೆ ಮಿದುಳಿನ ವಿಶ್ರಾಂತಿಯೆಂಬುದು ಅಂದಿನ ಸಾಮಾನ್ಯ ಅಭಿಪ್ರಾಯ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬುವರು, ಮಲಗಿದವರ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗಳು ಆಗಾಗ್ಗೆ ವೇಗವಾಗಿ ಚಲಿಸುವುದನ್ನು ವರದಿ ಮಾಡಿದರು. ಆ ವೇಳೆಯಲ್ಲಿ ಎಬ್ಬಿಸಲ್ಪಟ್ಟವರಲ್ಲಿ ಬಹುಮಂದಿ ತಾವು ಕಂಡ ಕನಸನ್ನು ವಿವರಿಸಬಲ್ಲವರಾಗಿದ್ದರು. ಇದಕ್ಕೆ ಶೀಘ್ರನೇತ್ರಚಲನೆಯ ನಿದ್ರೆ, ಸಂಕ್ಷೇಪವಾಗಿ ರೆಮ್ ನಿದ್ರೆ, ಎಂದು ಹೆಸರಾಯಿತು. ವಯಸ್ಕರಲ್ಲಿ ಇದು ಸುಮಾರು 90 ನಿಮಿಷಗಳಿಗೊಮ್ಮೆ ಮರಳಿ ಬರುತ್ತದೆ. ಒಟ್ಟು ನಿದ್ರೆಯ ಶೇಕಡ 20ರಿಂದ 25ರಷ್ಟನ್ನು ಆಕ್ರಮಿಸುತ್ತದೆ. ನವಜಾತ ಶಿಶುಗಳಲ್ಲಿಯಾದರೋ ಇದರ ಪಾಲು ಸುಮಾರು ಅರ್ಧದಷ್ಟು.

ಈ ನಿದ್ರೆಯನ್ನು ಆರಂಭಿಸುವ ಮತ್ತು ನಿಲ್ಲಿಸುವ ಕೋಶಗಳು ಯಾವುವು? ಮಿದುಳು ಎಚ್ಚರದಲ್ಲಿದ್ದಂತೆ ಚಟುವಟಿಕೆಯಿಂದಿರುವಾಗ ದೇಹವು ಅಲುಗಾಡದೆ ಬಿದ್ದಿರುವುದೇಕೆ? ಈ ಎರಡು ಪ್ರಶ್ನೆಗಳಿಗೆ ದೊರೆತಿರುವ ಉತ್ತರವನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲ ಸುಳಿವು ಫ್ರಾನ್ಸಿನ ಲ್ಯೋನ್ ನಗರದಿಂದ ಬಂದಿತು. 1959ರಲ್ಲಿ ಮಿಷೆಲ್ ಝೂವೆ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ, ಈ ಸ್ಥಿತಿಯಲ್ಲಿ ಮಿದುಳಿನ ವಿದ್ಯುತ್ ತರಂಗಗಳು ಎಚ್ಚರದ ತರಂಗಗಳನ್ನು ಹೋಲುತ್ತವೆಂದೂ, ಕತ್ತಿನ ಸ್ನಾಯುಗಳು ಮಾತ್ರ ಸಂಪೂರ್ಣವಾಗಿ ಸಡಿಲಗೊಳ್ಳುತ್ತವೆಂದೂ ತೋರಿಸಿದರು. ಮಿದುಳಿನ ಮುಂಭಾಗವನ್ನು ಬೇರ್ಪಡಿಸಿದ ಮೇಲೆಯೂ ಈ ಸಡಿಲಿಕೆ ನಿಯತಕಾಲಕ್ಕೆ ತಲೆದೋರುತ್ತಿತ್ತು. ಆದುದರಿಂದ ರೆಮ್ ನಿದ್ರೆಯ ಮೂಲಯಂತ್ರವು ಯೋಚನೆಗೆ ಆಧಾರವಾದ ಮೇಲ್ಮಿದುಳಿನಲ್ಲಿಲ್ಲ. ಅದು ಮಿದುಳುಕಾಂಡದಲ್ಲಿ, ವಿಶೇಷತಃ ಪಾನ್ಸ್ ಎಂಬ ಭಾಗದಲ್ಲಿದೆ ಎಂದು ಸಿದ್ಧವಾಯಿತು. 1965ರಲ್ಲಿ ಅವರು ಪಾನ್ಸಿನ ಒಂದು ಅಲ್ಪಪ್ರದೇಶವನ್ನು ನಾಶಪಡಿಸಿದಾಗ ಬೆಕ್ಕುಗಳು ರೆಮ್ ನಿದ್ರೆಯಲ್ಲಿದ್ದುಕೊಂಡೇ ಎದ್ದು, ಕಾಣದ ಬೇಟೆಯ ಮೇಲೆ ಎರಗುವಂತೆ ವರ್ತಿಸಿದವು. ಸ್ನಾಯುಗಳ ಸ್ತಬ್ಧತೆಯು ದಣಿವಿನ ಫಲವಲ್ಲ, ಮಿದುಳೇ ವಿಧಿಸಿದ ಕಟ್ಟು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

ತರುವಾಯ ಸಂಶೋಧಕರು ಒಂದೊಂದೇ ನರಕೋಶದ ಸ್ಪಂದನವನ್ನು ಅಳೆಯತೊಡಗಿದರು. ಪಾನ್ಸಿನಲ್ಲಿ ಲೋಕಸ್ ಸೆರೂಲಿಯಸ್ ಎಂಬ ಚಿಕ್ಕ ಕೋಶಸಮೂಹವಿದೆ. ಅದರ ಬಣ್ಣವನ್ನನುಸರಿಸಿ ಇದನ್ನು ನೀಲಸ್ಥಾನವೆನ್ನಬಹುದು. ಇಲ್ಲಿನ ಕೋಶಗಳು ನಾರ್‌ಅಡ್ರಿನಲೀನ್ ಎಂಬ ದ್ರವ್ಯವನ್ನು ಸ್ರವಿಸುತ್ತವೆ. ಎಚ್ಚರದಲ್ಲಿ ಇವು ಎಡೆಬಿಡದೆ ಸ್ಪಂದಿಸುತ್ತವೆ. ಸಾಮಾನ್ಯ ನಿದ್ರೆಯಲ್ಲಿ ನಿಧಾನವಾಗುತ್ತವೆ. ರೆಮ್ ನಿದ್ರೆಯಲ್ಲಿ ಬಹುಮಟ್ಟಿಗೆ ಮೌನವಾಗುತ್ತವೆ. ಸಿರೊಟೋನಿನ್ ಸ್ರವಿಸುವ ಕೋಶಗಳ ನಡವಳಿಕೆಯೂ ಹೀಗೆಯೇ. ಇದಕ್ಕೆ ವಿರುದ್ಧವಾಗಿ, ಅಸಿಟೈಲ್‌ಕೋಲೀನಿಗೆ ಸಂಬಂಧಿಸಿದ ಕೆಲವು ಕೋಶಗಳು ರೆಮ್ ನಿದ್ರೆಯಲ್ಲಿಯೇ ಹೆಚ್ಚು ಚುರುಕಾಗುತ್ತವೆ. 1975ರಲ್ಲಿ ಅಮೆರಿಕದ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ, ಈ ಎರಡು ಬಗೆಯ ಕೋಶಗಳ ಪರಸ್ಪರ ಪ್ರಭಾವದಿಂದಲೇ ನಿದ್ರೆಯ ಆವರ್ತನಗಳು ಉಂಟಾಗುತ್ತವೆಂಬ ಸಿದ್ಧಾಂತವನ್ನು ಮಂಡಿಸಿದರು.

ನಮ್ಮ ದೇಶದಲ್ಲಿಯೂ ಈ ವಿಷಯವಾಗಿ ಗಣ್ಯವಾದ ಕೆಲಸ ನಡೆದಿದೆ. ನೀಲಸ್ಥಾನದ ಸುತ್ತಲಿನ ಪ್ರದೇಶವನ್ನು ಮೃದುವಾದ ವಿದ್ಯುತ್ತಿನಿಂದ ಪ್ರಚೋದಿಸಿದರೆ ಇಲಿಗಳಲ್ಲಿ ರೆಮ್ ನಿದ್ರೆ ಕುಗ್ಗುವುದೆಂದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಬೀರೇಂದ್ರನಾಥ ಮಲ್ಲಿಕ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ತೋರಿಸಿದರು. ಎಂದರೆ ಆ ಕೋಶಗಳು ಸುಮ್ಮನಾಗದೆ ಹೋದರೆ ರೆಮ್ ನಿದ್ರೆಗೆ ಅಡ್ಡಿಯುಂಟಾಗುವುದು.

ಆದರೆ ಮೌನವೆಂಬುದು ಕೋಶದಲ್ಲಿ ಹೇಗೆ ಉಂಟಾಗುತ್ತದೆ? ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ಗಳಷ್ಟು ಋಣವಾಗಿರುತ್ತದೆ. ಈ ಅಂತರವು ಒಂದು ಮಿತಿಗಿಂತ ಕಡಮೆಯಾದರೆ ಕೋಶವು ಸ್ಪಂದಿಸುತ್ತದೆ. ಗಾಬಾ ಅಥವಾ ಗ್ಲೈಸೀನ್ ಎಂಬ ದ್ರವ್ಯವು ಕೋಶಪೊರೆಯನ್ನು ಮುಟ್ಟಿದಾಗ ಕ್ಲೋರೈಡ್ ಅಯಾನುಗಳ ದ್ವಾರಗಳು ತೆರೆಯುತ್ತವೆ. ಕೋಶವು ಆ ಮಿತಿಯನ್ನು ಮುಟ್ಟಲಾರದೆ ಸುಮ್ಮನಾಗುತ್ತದೆ. ರೆಮ್ ನಿದ್ರೆಯಲ್ಲಿ ನೀಲಸ್ಥಾನದ ಬಳಿ ಗಾಬಾ ಸ್ರಾವವು ಅಧಿಕವಾಗುವುದು ಕಂಡುಬಂದಿದೆ. ಹೀಗೆ ಒಂದು ಕೋಶದ ಮೌನವು ಮತ್ತೊಂದು ಕೋಶದ ಕ್ರಿಯೆ.

2006ರಲ್ಲಿ ಬಾಸ್ಟನ್ನಿನ ಜುನ್ ಲೂ, ಕ್ಲಿಫರ್ಡ್ ಸೇಪರ್ ಮತ್ತು ಅವರ ಸಂಗಡಿಗರು ಇಲಿಗಳಲ್ಲಿ ನಡೆಸಿದ ಅಧ್ಯಯನವು ಹಳೆಯ ಸಿದ್ಧಾಂತವನ್ನು ತಿದ್ದಿತು. ನಾರ್‌ಅಡ್ರಿನಲೀನ್ ಅಥವಾ ಅಸಿಟೈಲ್‌ಕೋಲೀನ್ ಕೋಶಗಳನ್ನು ನಾಶಪಡಿಸಿದರೂ ರೆಮ್ ನಿದ್ರೆಯಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಅವು ಪ್ರಭಾವ ಬೀರುವಂಥವು, ಮೂಲಯಂತ್ರವಲ್ಲ ಎಂದಾಯಿತು. ನೀಲಸ್ಥಾನದ ಅಡಿಯಲ್ಲಿರುವ ಒಂದು ಕೋಶಸಮೂಹ ರೆಮ್ ನಿದ್ರೆಯನ್ನು ತರುತ್ತದೆ. ಮಧ್ಯಮಿದುಳು ಪಾನ್ಸಿಗೆ ಸೇರುವ ಎಡೆಯಲ್ಲಿರುವ ಇನ್ನೊಂದು ಸಮೂಹ ಅದನ್ನು ತಡೆಯುತ್ತದೆ. ಇವೆರಡೂ ಗಾಬಾದ ಮೂಲಕ ಒಂದನ್ನೊಂದು ಅಡಗಿಸುತ್ತವೆ. ಒಂದು ಗೆದ್ದರೆ ಮತ್ತೊಂದು ಸೋಲಬೇಕು. ವಿದ್ಯುದ್ದೀಪದ ಸ್ವಿಚ್ಚು ನಡುವೆ ನಿಲ್ಲದಂತೆ, ಇಲ್ಲಿಯೂ ಮಧ್ಯಸ್ಥಿತಿಗೆ ಎಡೆಯಿಲ್ಲ.

ರೆಮ್ ನಿದ್ರೆಯನ್ನು ತರುವ ಸಮೂಹದ ಕೆಲವು ಕೋಶಗಳು ಗ್ಲುಟಮೇಟ್ ಎಂಬ ಉತ್ತೇಜಕ ದ್ರವ್ಯದ ಮೂಲಕ ಮೆಡುಲ್ಲ ಮತ್ತು ಬೆನ್ನುಹುರಿಯಲ್ಲಿನ ತಡೆಕೋಶಗಳನ್ನು ಪ್ರಚೋದಿಸುತ್ತವೆ. ಆ ತಡೆಕೋಶಗಳು ಗ್ಲೈಸೀನ್ ಮತ್ತು ಗಾಬಾಗಳಿಂದ ಸ್ನಾಯುಗಳ ಚಾಲಕ ನರಕೋಶಗಳನ್ನು ಮೌನಗೊಳಿಸುತ್ತವೆ. ಉಸಿರಾಟದ ವಪೆ ಮತ್ತು ಕಣ್ಣಿನ ಸ್ನಾಯುಗಳು ಮಾತ್ರ ಈ ಕಟ್ಟಿನಿಂದ ಬಹುಮಟ್ಟಿಗೆ ಹೊರಗಿವೆ. ಕನಸಿನಲ್ಲಿ ಓಡುವವನು ಹಾಸಿಗೆಯಲ್ಲಿಯೇ ಉಳಿಯುವುದು ಈ ಏರ್ಪಾಡಿನಿಂದ.

ಈ ಏರ್ಪಾಡು ಕೆಟ್ಟರೆ ಆಗುವುದೇನು? ಎರಡು ರೋಗಗಳು ಇದಕ್ಕೆ ಉತ್ತರ ಹೇಳುತ್ತವೆ. ಹೈಪೊಥಲಮಸಿನಲ್ಲಿ ಒರೆಕ್ಸಿನ್ ಎಂಬ ದ್ರವ್ಯವನ್ನು ಸ್ರವಿಸುವ ಕೋಶಗಳಿವೆ. 1998ರಲ್ಲಿ ಪತ್ತೆಯಾದ ಈ ದ್ರವ್ಯವು ರೆಮ್ ನಿದ್ರೆಯನ್ನು ತಡೆಯುವ ಸಮೂಹಕ್ಕೆ ಬಲಕೊಡುತ್ತದೆ. ನಾರ್ಕೊಲೆಪ್ಸಿ ರೋಗಿಗಳ ಮಿದುಳಿನಲ್ಲಿ ಈ ಕೋಶಗಳು ಶೇಕಡ 85ರಿಂದ 95ರಷ್ಟು ಕ್ಷಯಿಸಿರುವುದು 2000ದಲ್ಲಿ ವರದಿಯಾಯಿತು. ಇಂತಹವರಿಗೆ ಹಗಲಿನಲ್ಲಿ ತಡೆಯಲಾಗದ ನಿದ್ರೆ ಬರುತ್ತದೆ; ಅವರಲ್ಲಿ ಹಲವರು ಜೋರಾಗಿ ನಕ್ಕಾಗ, ಪೂರ್ಣ ಎಚ್ಚರವಿದ್ದರೂ, ಸ್ನಾಯುಗಳು ಸಡಿಲಗೊಂಡು ಕುಸಿದುಬೀಳುತ್ತಾರೆ. ನಿದ್ರೆಗೆ ಮೀಸಲಾದ ಕಟ್ಟು ಎಚ್ಚರದೊಳಗೆ ನುಗ್ಗಿದೆಯೆಂದು ಇದರ ಅರ್ಥ.

ಎರಡನೆಯದು ಇದರ ವಿಪರ್ಯಾಸ. 1986ರಲ್ಲಿ ಅಮೆರಿಕದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ವರ್ಣಿಸಿದ ಈ ವ್ಯಾಧಿಯಲ್ಲಿ ಕಟ್ಟು ಸಡಿಲವಾಗುತ್ತದೆ. ರೋಗಿಯು ಕನಸಿನ ಶತ್ರುವಿಗೆ ಹೊಡೆಯಲು ಹೋಗಿ ಪಕ್ಕದಲ್ಲಿ ಮಲಗಿದವರನ್ನು ಗಾಯಗೊಳಿಸಬಹುದು. ಝೂವೆಯವರ ಬೆಕ್ಕುಗಳಲ್ಲಿ ಕಂಡುದೇ ಇಲ್ಲಿ ಮನುಷ್ಯರಲ್ಲಿ ಕಾಣುತ್ತದೆ. ಬೇರೆ ಕಾರಣ ಕಾಣದೆ ಈ ವ್ಯಾಧಿ ಬಂದ ವಯಸ್ಸಾದವರಲ್ಲಿ ಬಹುಮಂದಿಗೆ, ಅನೇಕ ವರ್ಷಗಳ ತರುವಾಯ, ಪಾರ್ಕಿನ್‌ಸನ್ ರೋಗ ಅಥವಾ ಅದಕ್ಕೆ ಸಂಬಂಧಿಸಿದ ರೋಗಗಳು ತಲೆದೋರಿವೆ. ಆ ರೋಗಗಳಲ್ಲಿ ಶೇಖರವಾಗುವ ಆಲ್ಫ ಸಿನ್ಯೂಕ್ಲಿಯಿನ್ ಎಂಬ ಪ್ರೋಟೀನು ಮಿದುಳುಕಾಂಡದ ಕೋಶಗಳನ್ನು ಮೊದಲೇ ಬಾಧಿಸುವುದು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಕೈ ನಡುಗುವುದಕ್ಕೆ ವರ್ಷಗಳ ಮುಂಚೆಯೇ ನಿದ್ರೆಯು ಎಚ್ಚರಿಕೆ ಕೊಡುತ್ತದೆ.

ತರಗತಿಯಲ್ಲಿ ತೂಗುವ ವಿದ್ಯಾರ್ಥಿಯನ್ನು ಸೋಮಾರಿಯೆಂದೂ, ನಿದ್ರೆಯಲ್ಲಿ ಕೂಗಿ ಕೈಬೀಸುವ ಹಿರಿಯರಿಗೆ ಗಾಳಿ ಸೋಕಿದೆಯೆಂದೂ ತೀರ್ಮಾನಿಸುವುದು ಸುಲಭ. ಅಂತಹವರಲ್ಲಿ ಕೆಲವರಿಗಾದರೂ ಬೇಕಾದುದು ನಿಂದೆಯಲ್ಲ, ಮಂತ್ರವೂ ಅಲ್ಲ, ವೈದ್ಯಪರೀಕ್ಷೆ. ಬೆಕ್ಕು ಇಲಿಗಳ ಮಿದುಳುಕಾಂಡದಲ್ಲಿ ಆರಂಭವಾದ ಈ ಶೋಧನೆಯು ನಮಗೆ ಕಲಿಸುವ ಮೊದಲ ಪಾಠವಿದು.