ಗಜನಿ ದಂಡೆಯ ಸೈಕಲ್ ದಾರಿ

ಕುಮಟಾದಿಂದ ಗೋಕರ್ಣಕ್ಕೆ ಕಾರಿನಲ್ಲಿ ಹೋಗುವ ಪ್ರವಾಸಿಗನು ಹೆದ್ದಾರಿ 66ರ ಸೇತುವೆಯ ಮೇಲೆ ಅಘನಾಶಿನಿ ನದಿಯನ್ನು ಕ್ಷಣಮಾತ್ರದಲ್ಲಿ ದಾಟಿಬಿಡುತ್ತಾನೆ. ಸೈಕಲ್ ಸವಾರನ ದಾರಿಯೇ ಬೇರೆ. ಕಡಲ ಬದಿಯ ರಸ್ತೆ ಹಿಡಿದು ಅಘನಾಶಿನಿ ಗ್ರಾಮವನ್ನು ತಲುಪಿ, ಸೈಕಲನ್ನೂ ದೋಣಿಗೇರಿಸಿ ತದಡಿಯಲ್ಲಿ ಇಳಿದರೆ ಮುಂದೆ ಸಾಣಿಕಟ್ಟೆಯ ಉಪ್ಪಿನ ಆಗರಗಳು. ಅಲ್ಲಿಂದ ಗೋಕರ್ಣ ದೂರವಿಲ್ಲ.

ಈ ನದಿಗೆ ಅಣೆಕಟ್ಟೆಯಿಲ್ಲ. ಸಿಹಿನೀರು, ಉಬ್ಬರದ ಉಪ್ಪುನೀರು ಬೆರೆಯುವ ಇಲ್ಲಿನ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಅದು ಉಪ್ಪನ್ನು ಸಹಿಸುತ್ತದೆ, ನೆರೆಯಲ್ಲೂ ನಿಲ್ಲುತ್ತದೆ, ಗೊಬ್ಬರ ಕೇಳುವುದಿಲ್ಲ. ಕೇಳುವುದು ಕೂಲಿಯಾಳನ್ನು ಮತ್ತು ದಂಡೆಯ ದುರಸ್ತಿಯನ್ನು. ಸಿಗಡಿ ಸಾಕಣೆಯ ಲಾಭ ಕಂಡು ಎಷ್ಟೋ ಗಜನಿಗಳಲ್ಲಿ ಭತ್ತದ ಬೇಸಾಯವೇ ನಿಂತಿದೆ. 2024ರಲ್ಲಿ ಅಘನಾಶಿನಿ ಅಳಿವೆಯು ರಾಮ್ಸರ್ ಪಟ್ಟಿಗೆ ಸೇರಿತು. ಆದರೆ ಮನ್ನಣೆಯೊಂದೇ ಅಕ್ಕಿಗೆ ಬೆಲೆ ತಾರದು.

ನಿಧಾನವಾಗಿ ಸಾಗುವವನು ನಿಲ್ಲುತ್ತಾನೆ, ಉಣ್ಣುತ್ತಾನೆ, ಕೊಳ್ಳುತ್ತಾನೆ. ಸೈಕಲಿನ ಚೀಲದಲ್ಲಿ ಮೂಟೆ ಹಿಡಿಯದು, ಅರ್ಧ ಕಿಲೋ ಕೆಂಪಕ್ಕಿಯ ಪೊಟ್ಟಣ ಹಿಡಿದೀತು. ಅಂತಹ ಪೊಟ್ಟಣ, ದೋಣಿ ನಿಲ್ಲುವಲ್ಲಿ ಪಂಕ್ಚರ್ ತಿದ್ದುವ ಅಂಗಡಿ, ರೈತರ ಮನೆಯಲ್ಲಿ ಊಟ-ವಸತಿ: ಸ್ಥಳೀಯ ವರ್ತಕರಿಗೆ ಇವಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಸವಾರಿಗೆ ನವೆಂಬರ್‌ನಿಂದ ಫೆಬ್ರವರಿಯವರೆಗೆ ಹದವಾದ ಕಾಲ. ಆ ವೇಳೆಗೆ ಕಗ್ಗದ ಕೊಯ್ಲು ಮುಗಿದು ಹೊಸ ಭತ್ತ ಮನೆ ಸೇರಿರುತ್ತದೆ.