ಏಡಿಗೆ ಅಪ್ಸರೆ ಹೆಸರು ಯಾಕ?

ಸಪ್ತಾಪುರದಿಂದ ಮಾತಾಡ್ಲಿಕತ್ತೀನಿ. ಓದಿದ್ದು ಬಿ.ಕಾಂ., ಆದ್ರ ಇವತ್ತಿನ ಲೆಕ್ಕ ಏಡಿದು.

ಮ್ಯಾನ್ಮಾರ್‌ನ ಅಂಬರ್‌ನಾಗ, ಅಂದ್ರ ಕಲ್ಲಿನಂಗ ಗಟ್ಟಿಯಾದ ಮರದ ಅಂಟಿನೊಳಗ, ಸುಮಾರು 10 ಕೋಟಿ ವರ್ಷ ಹಳೆಯ ಏಡಿಯೊಂದು ಸಿಕ್ಕಿತ್ತು. ಅಳತಿ ಬರೇ 5 ಮಿ.ಮೀ. 2021ರಲ್ಲಿ ಅದಕ್ಕೆ ‘ಕ್ರೆಟಾಪ್ಸರಾ ಅಥನಾಟಾ’ ಅಂತ ಹೆಸರಿಟ್ಟರು. ಹೌದು, ನಮ್ಮ ಅಪ್ಸರೆನೇ! ‘ಅಥನಾಟಾ’ ಅಂದ್ರ ಅಮರ.

ಹೊಸ ಪ್ರಭೇದ ಅನ್ನಬೇಕಂದ್ರ ಗೊತ್ತಿರೋ ಏಡಿಗಳ ಜೊತೆ ಅಂಗಾಂಗ ಹೋಲಿಸಬೇಕು. ಪಳೆಯುಳಿಕೆಯಲ್ಲಿ ಹೆಚ್ಚಾಗಿ ಚಿಪ್ಪಿನ ಚೂರಷ್ಟೇ ಉಳೀತದ. ಇದರಾಗ ಉಸಿರಾಡೋ ಕಿವಿರೂ ಉಳಿದಿತ್ತು. ಅಂಬರ್ ಒಡೀದೆ ಸಿ.ಟಿ. ಸ್ಕ್ಯಾನ್‌ನಲ್ಲಿ ನೋಡಿದ್ರು.

ಜೀವಂತ ಏಡಿಗಳೊಳಗೂ ಹೊಸವು ಸಿಗ್ತಾವ. ಬಿಳಿ, ಕೆಂಪು-ನೇರಳೆ ಬಣ್ಣದ ‘ಘಾಟಿಯಾನಾ ದ್ವಿವರ್ಣ’ ನಮ್ಮ ಯಲ್ಲಾಪುರದ ಕಡೆಯಿಂದ ದಾಖಲಾಗಿದ್ದು 2022ರಲ್ಲಿ. ಅದನ್ನ ಕಾಯಲು ಅಂಬರ್ ಇಲ್ಲ, ಕಾಡು ಉಳೀಬೇಕು.