ಹವೆ ಅರಸಿ ಬಂದ ದಂಡು
1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಇಂಗ್ಲಿಷರ ಪಡೆ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತು. ಕೋಟೆಯನ್ನೇನೋ ಗೆದ್ದರು, ಅಲ್ಲಿನ ಚಳಿಜ್ವರವನ್ನು ಗೆಲ್ಲಲಾಗಲಿಲ್ಲ. ಸುತ್ತ ಕಾವೇರಿ, ಅದರಾಚೆ ಗದ್ದೆಬಯಲು. ಸಿಪಾಯಿಗಳು ಸಾಲುಸಾಲಾಗಿ ಹಾಸಿಗೆ ಹಿಡಿದರು. ಕೊನೆಗೆ 1809ರಲ್ಲಿ ಒಳ್ಳೆಯ ಹವೆ ಅರಸಿ ದಂಡು ಬೆಂಗಳೂರಿಗೆ, ಹಲಸೂರಿನ ಬಳಿಯ ಬಯಲಿಗೆ ಬಂತು.

ಸುಮಾರು 3000 ಅಡಿ ಎತ್ತರದ ಈ ಊರಿನ ತಂಪು ಅವರಿಗೆ ಹಿಡಿಸಿತು. ಹಾಗೆ ನೋಡಿದರೆ ಶ್ರೀರಂಗಪಟ್ಟಣವೂ 2000 ಅಡಿಗಿಂತ ಮೇಲೇ ಇದೆ. ಎತ್ತರದ ಲೆಕ್ಕದಲ್ಲಿ ಎರಡೂ ಊರುಗಳ ಸೆಖೆಗೆ ಒಂದೆರಡು ಡಿಗ್ರಿಯ ಅಂತರವಷ್ಟೆ. ಆದರೆ ಕೆಟ್ಟ ಗಾಳಿಯೇ ಜ್ವರದ ಮೂಲವೆಂದು ಆಗಿನ ವೈದ್ಯರೂ ನಂಬಿದ್ದರು. ಮಲೇರಿಯಾದ ಬೇರು ಸೊಳ್ಳೆಯಲ್ಲಿದೆ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಗಾಳಿ ಬದಲಿಸಲು ಹೊರಟವರು ನಿಜವಾಗಿ ಬಿಟ್ಟುಬಂದದ್ದು ಸೊಳ್ಳೆಯ ತವರನ್ನು!

ದಂಡಿನ ಬೆನ್ನಿಗೆ ತಮಿಳು ಸೀಮೆಯ ವರ್ತಕರು, ಕೂಲಿಕಾರರು ಬಂದರು. ಅವರನ್ನು ಕರೆತಂದದ್ದು ಹವೆಯಲ್ಲ, ಹೊಟ್ಟೆಪಾಡು. ಮುಂದೆ ನಿವೃತ್ತರು ತೋಟದ ಮನೆಗಳನ್ನು ಕಟ್ಟಿಕೊಂಡರು; 'ಪಿಂಚಣಿದಾರರ ಸ್ವರ್ಗ' ಎಂಬ ಹೆಸರು ಊರಿಗೆ ಅಂಟಿತು. ಸ್ವರ್ಗಕ್ಕೆ ನೂಕುನುಗ್ಗಲಾದಂತೆ ಮರಗಳು ಉರುಳಿದವು, ಕೆರೆಗಳು ಬಡಾವಣೆಗಳಾದವು. ಧರ್ಮಾಂಬುಧಿ ಕೆರೆಯಂತೂ ಬಸ್ ನಿಲ್ದಾಣವೇ ಆಯಿತು. 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರಿನ ಸೆಖೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು.